ಭರಣಿ ಮಳೆಗೆ ಚುಚ್ಚಿದ ಸೂಜಿ

ಪುನೀತನ ಕಾಲು ಜಾರಿದ್ದು ಅವನ ತಪ್ಪಲ್ಲ. ಅಕ್ಕೂರಿನ ಹತ್ತಿರ ಇರುವ ಕೆಂಪಯ್ಯನವರ ಮೀನುಕೊಳಗಳ ಏರಿ ಎಂಥ ಹೊಸಬರನ್ನೂ ಒಮ್ಮೆ ಜಾರಿಸಿ ನೋಡಿಯೇ ಒಳಗೆ ಬಿಡುವಂಥದ್ದು. ಜಾರಿದವನ ಕೈಯನ್ನು ಕೆಂಪಯ್ಯನವರ ಮಗಳು ಲತಾಮಣಿ ಹಿಡಿದು ನಿಲ್ಲಿಸಿದ್ದೂ ತಪ್ಪಲ್ಲ. ಬೀಳುವವರನ್ನು ಹಿಡಿಯುವುದು ಮನುಷ್ಯರ ಧರ್ಮ. ಆದರೆ ಅವನು ಕಾಲೂರಿ ನಿಂತ ಮೇಲೂ ಆ ಕೈ ಇನ್ನೊಂದು ಗಳಿಗೆ ಅಲ್ಲೇ ಇತ್ತು.

ಎದೆಮಟ್ಟದ ನೀರಿನಲ್ಲಿ ಬಲೆ ಎಳೆಯುತ್ತಿದ್ದ ದೇವರಾಜು ಆ ಒಂದು ಗಳಿಗೆಯನ್ನು ಕಂಡ. ಬಲೆಯ ಅಡಿಯಿಂದ ಮೀನುಗಳು ನುಣುಚಿಕೊಂಡು ಹೋದದ್ದನ್ನು ಕಾಣಲಿಲ್ಲ.

“ಬಾವ, ಬಲೆ ಎತ್ತಿ ಹಿಡ್ದಿದ್ದೀಯಲ್ಲ. ಮೀನ್‌ಗೆ ದಾರಿ ತೋರ್ಸಾಕೆ ನಿಂತಿದ್ದೀಯಾ?” ಎಂದು ಲತಾಮಣಿ ಏರಿಯ ಮೇಲಿಂದ ಕೇಳಿದಳು.

ಅವನು ಬಲೆಯನ್ನು ನೀರಿಗೆ ಅದುಮಿದ. ಮುಖ ಒದ್ದೆಯಾಗಿದ್ದುದರಿಂದ ಅದರ ಬಣ್ಣ ಯಾರಿಗೂ ತಿಳಿಯಲಿಲ್ಲ.

ಲತಾಮಣಿ ಅವನನ್ನು ಬಾವ ಎನ್ನುತ್ತಿದ್ದುದಕ್ಕೆ ವರಸೆಯಿತ್ತು. ಕನಕಪುರದ ಆಚೆ ಕೋಡಿಹಳ್ಳಿಯ ದೇವರಾಜು ಅವಳ ತಾಯಿಯ ಕಡೆಯಿಂದ ದೂರದ ಸೋದರಮಾವನ ಮಗ. ಒಂದು ಮಳೆಗಾಲದ ಕೆಲಸಕ್ಕೆಂದು ಬಂದವನು ಅಲ್ಲೇ ಬೇರೂರಿದ. ಕೆರೆಯ ಪಕ್ಕದ ಹಿಪ್ಪುನೇರಳೆ ಹೊಲವನ್ನು ತೋಡಿಸಿ ಕೊಳ ಮಾಡಿದ್ದು ಕೆಂಪಯ್ಯನವರಾದರೂ, ಆ ಕೊಳಗಳಲ್ಲಿ ಕಾಟ್ಲಾ, ರೋಹು ಮೀನುಗಳನ್ನು ಸಾಕಿ, ಮೊಟ್ಟೆ ಬಿಡಿಸಿ, ಮರಿ ಮಾಡಿ ಸುತ್ತಲಿನ ಕೆರೆಗಳಿಗೆಲ್ಲ ಕೊಡುವಷ್ಟು ಬೆಳೆಸಿದವನು ದೇವರಾಜು. ಅವಳು ಬಾವ ಎಂದಾಗ ಅದು ಬರಿಯ ವರಸೆಯೋ, ಒಳಗೆ ಇನ್ನೇನಾದರೂ ಇದೆಯೋ ಎಂದು ಅವನು ಎಷ್ಟೋ ವರ್ಷದಿಂದ ಯೋಚಿಸುತ್ತಿದ್ದ. ಕೇಳಿರಲಿಲ್ಲ.

ಪುನೀತ ಮಾಗಡಿ ಕಡೆಯವನು. ಮೀನಿನ ಓದು ಓದಿ, ಅದರಲ್ಲೇ ಇನ್ನೂ ದೊಡ್ಡ ಓದಿಗೆ ಸೇರಿದ್ದ. ಸಂಕ್ರಾಂತಿ ಕಳೆದ ವಾರ ವ್ಯಾನಿನಲ್ಲಿ ದೀಪಗಳನ್ನೂ, ಅವು ತಾವಾಗಿಯೇ ಹೊತ್ತಿ ಆರುವ ಹಾಗೆ ಮಾಡುವ ಟೈಮರುಗಳನ್ನೂ, ಕಪ್ಪು ಹೊದಿಕೆಯನ್ನೂ ತಂದು ಇಳಿಸಿದ. ಒಂದು ತೊಟ್ಟಿಯ ಮೇಲೆ ಚಪ್ಪರ ಕಟ್ಟಿ, ಒಳಗಿನ ಕಾಟ್ಲಾ ಮೀನುಗಳಿಗೆ ಹಗಲನ್ನು ಉದ್ದ ಮಾಡುವುದು, ನೀರನ್ನು ಒಂದಿಷ್ಟು ಬೆಚ್ಚಗೆ ಇಡುವುದು, ಹೀಗೆ ಮಳೆಗಾಲಕ್ಕೆ ಮೊದಲೇ ಅವು ಹದಕ್ಕೆ ಬರುವಂತೆ ಮಾಡುವುದು ಅವನ ಉದ್ದೇಶ. ಎಲ್ಲರಿಗಿಂತ ಮೊದಲು ಮರಿ ಕೊಟ್ಟವನ ಮನೆ ಮುಂದೆ ವ್ಯಾನುಗಳು ಸಾಲುಗಟ್ಟುತ್ತವೆ ಎಂಬುದು ಕೆಂಪಯ್ಯನವರಿಗೂ ಗೊತ್ತು. ಅವರು ಒಪ್ಪಿದರು.

ಹೊಂಗೆ ಮರದ ಕೆಳಗೆ ಟೀ ಕುಡಿಯುತ್ತ ಪುನೀತ ಅದನ್ನೆಲ್ಲ ಬಿಡಿಸಿ ಹೇಳಿದ. ಬೆಳಕು ಮೀನಿನ ಕಣ್ಣಿಗೆ ಬೀಳುತ್ತದೆ, ಸುದ್ದಿ ಮಿದುಳಿಗೆ ಹೋಗುತ್ತದೆ, ಮಿದುಳಿನ ಕೆಳಗೆ ರಾಗಿಕಾಳಿನಷ್ಟು ಒಂದು ಗ್ರಂಥಿ ಇದೆ, ಅದರಿಂದ ಇಳಿಯುವ ರಸವೇ ಹಾರ್ಮೋನು, ಅದು ಹೋಗಿ ಹೇಳಿದ ಮೇಲೆಯೇ ಹೊಟ್ಟೆಯೊಳಗೆ ಮೊಟ್ಟೆ ಬಲಿಯುವುದು ಎಂದ. ಚಳಿದೇಶಗಳ ಸಾಲ್ಮನ್ ಎಂಬ ಮೀನಿನ ಸಂಗತಿಯನ್ನೂ ಹೇಳಿದ. ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿ ಅದನ್ನು ಸಾಕುತ್ತಾರಂತೆ. ಅದು ಬೇಗ ಪ್ರಾಯಕ್ಕೆ ಬಂದರೆ ತಿಂದದ್ದೆಲ್ಲ ಮೊಟ್ಟೆಗೂ ವೀರ್ಯಕ್ಕೂ ಹೋಗಿ ಮೈ ಹಿಡಿಯುವುದಿಲ್ಲ, ಮಾಂಸವೂ ಸಪ್ಪೆ. ಅದಕ್ಕಾಗಿ ಚಳಿಗಾಲದ ಕತ್ತಲೆಯಲ್ಲಿ ನೀರೊಳಗೆ ದೀಪ ಇಳಿಬಿಟ್ಟು ಅದರ ಪ್ರಾಯವನ್ನು ಮುಂದಕ್ಕೆ ತಳ್ಳುತ್ತಾರಂತೆ.

ಲತಾಮಣಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. “ಅಲ್ಲಿ ಪ್ರಾಯ ಬರ್ಬಾರ್ದು ಅಂತ ದೀಪ, ಇಲ್ಲಿ ಬರ್ಲಿ ಅಂತ ದೀಪ. ಆ ದೀಪಕ್ಕಾದ್ರೂ ಗೊತ್ತಿರ್ತದಾ ಸಾರ್, ತಾನ್ಯಾಕೆ ಉರೀತಿದ್ದೀನಿ ಅಂತ?”

ಪುನೀತ ನಕ್ಕು, ಯಾವ ಮೀನಿಗೆ, ಯಾವ ಕಾಲದಲ್ಲಿ ಎಂಬುದರ ಮೇಲೆ ಎಲ್ಲ ನಿಂತಿದೆ ಎಂದ. ಅವಳ ಪ್ರಶ್ನೆ ಚೆನ್ನಾಗಿದೆ ಎಂದೂ ಹೇಳಿದ.

“ಕೆಲವು ಮೀನ್‌ಗೆ ದೀಪನೂ ಬ್ಯಾಡ. ಒಂದು ಲೋಟ ಟೀ ಕೊಟ್ರೆ ಸಾಕು,” ಎಂದು ದೇವರಾಜು ಲೋಟದೊಳಕ್ಕೆ ಗೊಣಗಿದ.

ಲತಾಮಣಿ ಕಣ್ಣಿನ ಅಂಚಿನಲ್ಲಿ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತೋ ಚೇಷ್ಟೆಯಿತ್ತೋ, ಅವನಿಗೆ ಆ ದಿನವೆಲ್ಲ ಅದೇ ಚಿಂತೆ.

ದೀಪದ ತೊಟ್ಟಿಯ ಉಸ್ತುವಾರಿ ಲತಾಮಣಿಯ ಪಾಲಿಗೆ ಬಂತು. ಪುನೀತ ವಾರಕ್ಕೊಂದೆರಡು ಸಲ ಬೈಕಿನಲ್ಲಿ ಬರುವನು. ಬಂದಾಗಲೆಲ್ಲ ಇಬ್ಬರೂ ಕಪ್ಪು ಹೊದಿಕೆಯನ್ನು ಸರಿಸಿ ಒಳಗೆ ಹೋಗುವರು, ನೀರಿನ ಬಿಸಿ ನೋಡುವರು, ಮೀನಿನ ತೂಕ ನೋಡುವರು. ಹೊದಿಕೆ ಅವರ ಹಿಂದೆ ಮತ್ತೆ ಇಳಿಬೀಳುವುದು. ಕೊಳದ ಆಚೆ ದಡದಲ್ಲಿ ಮೀನಿಗೆ ಹಿಂಡಿ ಹಾಕುತ್ತಿದ್ದ ದೇವರಾಜುವಿಗೆ, ಲೋಕದಲ್ಲಿ ಬಟ್ಟೆ ಎಂಬುದನ್ನು ಕಂಡುಹಿಡಿದವನ ಮೇಲೆಯೇ ಕೋಪ ಬರುತ್ತಿತ್ತು.

ಅವಳ ಮಾತಿಗೆ ಹೊಸದೊಂದು ಬಾಲ ಬಂತು. ಪುನೀತ್ ಸಾರ್ ಹೀಗೆ ಹೇಳಿದ್ರು, ಪುನೀತ್ ಸಾರ್ ಹಾಗೆ ಹೇಳಿದ್ರು. ಹಗ್ಗ ಬಿಗಿಯುವುದಕ್ಕೂ ಪುನೀತ್ ಸಾರ್, ಸೊಪ್ಪು ಸೋಸುವುದಕ್ಕೂ ಪುನೀತ್ ಸಾರ್. ಅವನು ಊಟಕ್ಕೆ ನಿಂತ ದಿನ ಅವನಿಗೆಂದು ಮುದ್ದೆಯನ್ನು ಸಣ್ಣದಾಗಿ ಕಟ್ಟಿದಳು. ದೇವರಾಜುವಿನ ತಟ್ಟೆಗೆ ಎಂದಿನ ಗಾತ್ರದ್ದೇ ಬಿತ್ತು. ಎಂದೂ ಅದರ ಗಾತ್ರವನ್ನು ಗಮನಿಸದವನಿಗೆ ಆವತ್ತು ಅದು ರಾಮನಗರದ ಬಂಡೆಯಂತೆ ಕಂಡಿತು. ಅರ್ಧ ಬಿಟ್ಟು ಎದ್ದ.

“ಯಾಕೆ ಬಾವ, ಹೊಟ್ಟೆ ಸರಿಯಿಲ್ವಾ?” ಎಂದಳು.

“ಉಪ್ಪು ಹೆಚ್ಚಾಗದೆ,” ಎಂದ.

ಮುದ್ದೆಗೆ ಯಾರೂ ಉಪ್ಪು ಹಾಕುವುದಿಲ್ಲ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ದೇವರಾಜುವಿಗೆ ಒಂದೇ ಒಂದು ನೆಮ್ಮದಿಯಿತ್ತು. ಅದು ಸೂಜಿಯ ಕೆಲಸ.

ಹೊಳೆಯ ಮೀನು ಹೊಸ ನೀರಿಗೆ ಎದುರು ಈಜಿ ತಾನೇ ಮೊಟ್ಟೆ ಬಿಡುತ್ತದೆ. ಕೊಳದ ಮೀನಿಗೆ ಆ ಭಾಗ್ಯವಿಲ್ಲ. ಮೊಟ್ಟೆ ಬಲಿತು ಹೊಟ್ಟೆ ಮೆತ್ತಗಾದಾಗ ಹಾರ್ಮೋನಿನ ಮದ್ದನ್ನು ಸೂಜಿಯಲ್ಲಿ ಕೊಟ್ಟು, ಗಂಡುಮೀನಿನ ಜೊತೆ ಹರಿಯುವ ನೀರಿಗೆ ಬಿಡಬೇಕು. ಈ ಕೆಲಸಕ್ಕೆ ಇಬ್ಬರು ಬೇಕು. ಒದ್ದೆ ಗೋಣಿಯ ಮೇಲೆ ಮಲಗಿಸಿದ ಮೀನಿನ ಕಣ್ಣಿಗೆ ಲತಾಮಣಿ ಒದ್ದೆ ಬಟ್ಟೆ ಮುಚ್ಚಿ, ಇನ್ನೊಂದು ಅಂಗೈಯನ್ನು ಅದರ ಹೊಟ್ಟೆಗೆ ಒತ್ತಿ ಕೂರುವಳು. ಮೀನು ಕೊಸರಾಡಿ, ಕೊಸರಾಡಿ, ಕಡೆಗೆ ಅವಳ ಅಂಗೈಯಲ್ಲಿ ಸಮಾಧಾನವಾಗುವುದು. ಆಗ ಅವಳು ಮೆಲ್ಲಗೆ “ಹೂಂ” ಎನ್ನುವಳು. ಆಮೇಲೆಯೇ ದೇವರಾಜು ಸೂಜಿ ಚುಚ್ಚುವುದು. ಅವಳು ಹೂಂ ಅನ್ನದೆ ಅವನು ಎಂದೂ ಚುಚ್ಚಿದವನಲ್ಲ. ತಲೆಗೆ ತಲೆ ತಾಗುವಷ್ಟು ಹತ್ತಿರ ಬಾಗಿ, ಉಸಿರು ಹಿಡಿದು, ಆ ಒಂದು ಹೂಂಗಾಗಿ ಕಾಯುವ ಗಳಿಗೆಗಳಿಗಾಗಿಯೇ ಅವನು ಕೋಡಿಹಳ್ಳಿಯನ್ನು ಮರೆತಿದ್ದ. ಹೊದಿಕೆಯ ಒಳಗೆ ಪುನೀತನಿಗೆ ಏನು ಸಿಕ್ಕರೂ ಅದೊಂದು ಸಿಗಲಾರದು ಎಂದುಕೊಂಡಿದ್ದ.

ಯುಗಾದಿ ಕಳೆಯಿತು. ಒಂದು ಮಧ್ಯಾಹ್ನ ದೇವರಾಜು ತೂಬಿನ ಕೆಸರು ತೆಗೆಯುತ್ತಿದ್ದಾಗ ಕೆಂಪಯ್ಯನವರು ದಡದ ಮೇಲೆ ಕೂತು, ಮಾಗಡಿಯಿಂದ ಮಾತು ಬಂದಿದೆ ಎಂದರು. ಪುನೀತನ ತಂದೆ ತಾಯಿ ಲತಾಮಣಿಯನ್ನು ಕೇಳಿದ್ದಾರೆ. ಹುಡುಗ ತಾನೇ ಮನೆಯಲ್ಲಿ ಹೇಳಿ ಕೇಳಿಸಿದ್ದಾನೆ. ಒಳ್ಳೆಯ ಜನ, ನಮ್ಮವರೇ.

ದೇವರಾಜುವಿನ ಕೈಯ ಗುದ್ದಲಿ ಕೆಸರಿನಲ್ಲಿ ನಿಂತಿತು. ಲತಾ ಏನಂದಳು ಎಂದು ಕೇಳಿದ. ಕೇಳಿದ್ದು ತನ್ನ ದನಿಯೇ ಎಂದು ಅವನಿಗೆ ಅನ್ನಿಸಲಿಲ್ಲ.

“ಮೊದ್ಲ ಮರಿ ಬೀಳ್ಲಿ, ಆಮೇಲೆ ಹೇಳ್ತೀನಿ ಅಂದವ್ಳೆ. ಅದ್ಯಾಕೋ ಕಾಣೆ ಕಣ್ಲಾ. ಅವ್ರವ್ವನ ಥರನೇ, ಒಳ್ಗಿರೋದು ಆಚೆಗೆ ಬರಾಕಿಲ್ಲ.”

ಬೇರೆ ಯಾವ ಊರಿನ ಗಂಡಸಾದರೂ ಆ ಮಾತನ್ನು, ಕೆಲಸದ ಕಾಲ ಮುಗಿಯಲಿ ಎಂಬ ಅರ್ಥದಲ್ಲಿ ತೆಗೆದುಕೊಳ್ಳುತ್ತಿದ್ದ. ಇಡೀ ಜೀವಮಾನ ಮೀನಿನ ಹೊಟ್ಟೆ ಮುಟ್ಟಿ ನೋಡಿದ ದೇವರಾಜುವಿಗೆ ಬೇರೆಯೇ ತೋರಿತು. ದೀಪದ ತೊಟ್ಟಿಯದು ಪುನೀತನ ಮೀನು. ಬಯಲು ಕೊಳದ್ದು ತನ್ನ ಮೀನು. ಯಾರ ಮೀನು ಮೊದಲು ಮರಿ ಕೊಡುತ್ತದೋ ನೋಡಿಕೊಂಡು ಅವಳು ಆರಿಸುತ್ತಾಳೆ. ಹೊಟ್ಟೆಕಿಚ್ಚು ಹೊತ್ತಿದವನಿಗೆ ಹುಣ್ಣಿಮೆಯೂ ಬೆಂಕಿಯ ಹಾಗೆ ಕಾಣುತ್ತದಂತೆ. ಅವನು ಒಮ್ಮೆಯೂ ಅವಳನ್ನೇ ಕೇಳಬೇಕೆಂದುಕೊಳ್ಳಲಿಲ್ಲ.

ಭರಣಿ ಮಳೆ ಈ ಸಲ ಗುಡುಗಿಕೊಂಡೇ ಬಂತು. ಒಂದೇ ಮಳೆಗೆ ಕೊಳದ ನೀರು ತಣ್ಣಗಾಗಿ, ಮಣ್ಣಿನ ವಾಸನೆ ಎದ್ದು, ಮೀನುಗಳು ಮೇಲೆ ಬಂದು ಬಾಲ ಬಡಿದವು. ಕೆಂಪಯ್ಯನವರು ಯಾರದೋ ಮದುವೆಗೆಂದು ಕನಕಪುರಕ್ಕೆ ಹೋಗಿದ್ದರು. ಪುನೀತ ತನ್ನೂರಿನಲ್ಲಿದ್ದ. ಸಂಜೆ ದೇವರಾಜು ಬಲೆ ಎಳೆದು, ಎಲ್ಲಕ್ಕಿಂತ ಹಳೆಯ ತಾಯಿಮೀನನ್ನು ಹಿಡಿದ. ಅದಕ್ಕೆ ಗೌಡ್ತಿ ಎಂದು ಹೆಸರಿಟ್ಟವಳು ಲತಾಮಣಿ. ದಪ್ಪ ತಲೆಯ, ಅಗಲ ಹುರುಪೆಯ, ಗತ್ತಿನ ಕಾಟ್ಲಾ. ಅವಳು ನೀರಿಗೆ ಕೈ ಇಟ್ಟರೆ ಹತ್ತಿರಕ್ಕೆ ಬರುತ್ತಿತ್ತು.

ಲತಾಮಣಿ ಅದರ ಕಣ್ಣಿಗೆ ಬಟ್ಟೆ ಮುಚ್ಚಿ, ಹೊಟ್ಟೆಗೆ ಅಂಗೈ ಒತ್ತಿದಳು. ಒತ್ತಿದವಳು ತಲೆ ಎತ್ತಿದಳು.

“ಬಾವ, ಇನ್ನೂ ಗಟ್ಟಿ ಐತೆ. ಮಿರುಗದ ಮಳೆ ಬರ್ಲಿ.”

ಅವನಿಗೂ ಅದು ಗೊತ್ತಿತ್ತು. ಮದ್ದು ಬಡಿಸುವ ಕೈ ಅಷ್ಟೆ, ಅಡಿಗೆಯನ್ನು ಬಿಸಿಲು, ನೀರು, ದಿನಗಳೇ ಮಾಡಬೇಕು, ಬೇಯದ್ದನ್ನು ಬಡಿಸಿದರೆ ಉಣ್ಣುವುದು ಹೇಗೆ ಎಂದು ಅವಳಿಗೆ ಮೊದಲ ವರ್ಷ ಹೇಳಿಕೊಟ್ಟವನೇ ಅವನು.

“ನಿನ್ ಕೈಗೆ ಈಗ ದೀಪದ ಮೀನೇ ಮೆತ್ತಗೆ,” ಎಂದ.

ಅವಳು ಏನೋ ಹೇಳಲು ಬಾಯಿ ತೆರೆದಳು. ಗೌಡ್ತಿ ಅವಳ ಅಂಗೈಯಲ್ಲಿ ಇನ್ನೂ ನಡುಗುತ್ತಿತ್ತು. ಅವಳು ಹೂಂ ಅನ್ನಲಿಲ್ಲ. ಅವನು ಚುಚ್ಚಿಬಿಟ್ಟ.

ಸೂಜಿ ಹೊರಗೆ ಬಂದಾಗ ಲತಾಮಣಿ ಅವನ ಕೈಯನ್ನು ನೋಡಿದಳೇ ಹೊರತು ಮುಖವನ್ನು ನೋಡಲಿಲ್ಲ. ಮೀನನ್ನು ತಾನೇ ಎತ್ತಿ ನೀರಿಗೆ ಬಿಟ್ಟು, ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಬೆಳಗಾಗುವಷ್ಟರಲ್ಲಿ ಗೌಡ್ತಿಯ ಹೊಟ್ಟೆ ಊದಿತ್ತು. ಬಲಿಯದ ಮೊಟ್ಟೆ ದಾರಿಯಲ್ಲಿ ಕಟ್ಟಿಕೊಂಡು, ಹೊರಗೂ ಬರದೆ ಒಳಗೂ ನಿಲ್ಲದೆ, ಮೀನು ಮಗ್ಗುಲಾಗಿ ತೇಲುತ್ತಿತ್ತು. ಬಿಸಿಲೇರುವ ಹೊತ್ತಿಗೆ ಕಿವಿರು ಆಡುವುದು ನಿಂತಿತು.

ಲತಾಮಣಿ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ತೆಂಗಿನ ಬುಡದಲ್ಲಿ ಗುಂಡಿ ತೋಡಿ ಮೀನನ್ನು ಹೂತು, ಕೈ ತೊಳೆದುಕೊಂಡು ಒಳಗೆ ಹೋದಳು. ಆ ದಿನದಿಂದ ಬಾವ ಎನ್ನುವುದೂ ನಿಂತಿತು. ಕೆಲಸದ ಮಾತಿದ್ದರೆ ಗೋಡೆಗೆ ಹೇಳಿದ ಹಾಗೆ ಹೇಳಿ ಹೋಗುವಳು.

ಪುನೀತನಾದರೂ ಹಂಗಿಸಿದ್ದರೆ ಆಗುತ್ತಿತ್ತು. ಅವನು ಬಂದು ಪಕ್ಕದಲ್ಲಿ ಕೂತು, ತಾನು ಮೊದಲ ವರ್ಷ ಕೊಂದ ಮೀನುಗಳ ಕತೆ ಹೇಳಿ, ಎಲ್ಲರ ಕೈಯಲ್ಲೂ ಆಗುತ್ತದೆ ದೇವರಾಜಣ್ಣ ಎಂದ. ಅವನ ಒಳ್ಳೆಯತನ ದೇವರಾಜುವಿಗೆ ಹಸಿಗಾಯದ ಮೇಲೆ ನಿಂಬೆಹುಳಿ ಹಿಂಡಿದಂತಾಯಿತು. ಇವನು ಕೆಟ್ಟವನಾಗಿದ್ದರೆ ತನಗೆ ಎಷ್ಟು ಸಲೀಸಾಗುತ್ತಿತ್ತು.

ಭರಣಿ ಮುಗಿದು ಕೃತ್ತಿಕೆ ಹಿಡಿಯಿತು. ದೀಪದ ತೊಟ್ಟಿಯ ಮೀನುಗಳ ಹೊಟ್ಟೆ ಬೆಣ್ಣೆಯ ಮುದ್ದೆಯಂತೆ ಮೆತ್ತಗಾಯಿತು. ಗಂಡುಮೀನಿನ ಹೊಟ್ಟೆ ಒತ್ತಿದರೆ ಹಾಲಿನಂಥ ವೀರ್ಯ ಇಳಿಯಿತು. ಸಂಜೆ ಸೂಜಿಯ ಹೊತ್ತಿಗೆ ಪುನೀತ ಮದ್ದು ತುಂಬಿ ದೇವರಾಜುವಿನ ಕಡೆ ಚಾಚಿ, ನಿಮ್ಮ ಕೈ ಪಳಗಿದ್ದು, ನೀವೇ ಹಾಕಿ ಎಂದ. ದೇವರಾಜು ಲತಾಮಣಿಯ ಕಡೆ ನೋಡಿದ. ಅವಳು ಮೀನಿನ ಕಣ್ಣಿಗೆ ಬಟ್ಟೆ ಮುಚ್ಚುವುದರಲ್ಲೇ ಇದ್ದಳು. ನೀರಿನ ಗೇಟು ನೋಡಿಕೊಳ್ಳುತ್ತೇನೆಂದು ಹೇಳಿ ಅವನು ತೊಟ್ಟಿಯ ಆಚೆಗೆ ಹೋದ.

ಅಲ್ಲಿ ನಿಂತು ಗೇಟಿನ ಚಕ್ರ ಹಿಡಿದವನಿಗೆ ಅವರಿಬ್ಬರ ಬೆನ್ನು ಕಾಣುತ್ತಿತ್ತು. ಎರಡು ತಲೆಗಳೂ ಬಾಗಿದವು. ಮೀನು ಕೊಸರಾಡಿ ಸುಮ್ಮನಾಯಿತು. ಆಮೇಲೆ, ನೀರಿನ ಸದ್ದಿನ ನಡುವೆಯೂ, ಅವಳು ಹೂಂ ಎಂದದ್ದು ಅವನಿಗೆ ಕೇಳಿತು.

ಕೈಹಿಡಿದದ್ದನ್ನು ನೋಡಿದ್ದ, ಹೊದಿಕೆ ಇಳಿಬಿದ್ದದ್ದನ್ನು ನೋಡಿದ್ದ. ಅವೆಲ್ಲ ಏನೂ ಅಲ್ಲ ಎಂದು ಈಗ ತಿಳಿಯಿತು. ಗೇಟಿನ ಚಕ್ರದ ತುಕ್ಕು ಅಂಗೈಗೆ ಒತ್ತಿ ಗುರುತು ಮೂಡಿದ್ದು ಅವನಿಗೆ ಅರಿವಾದದ್ದು ಬಹಳ ಹೊತ್ತಿನ ಮೇಲೆ.

ಬೆಳಕು ಹರಿಯುವಾಗ ಮರಿ ಮಾಡುವ ಗುಂಡು ತೊಟ್ಟಿಯ ತುಂಬ ಮೊಟ್ಟೆಗಳು ನೆನೆಸಿದ ಸಬ್ಬಕ್ಕಿಯಂತೆ ಹೊಳೆಯುತ್ತ ಸುತ್ತುತ್ತಿದ್ದವು. ಮಾರನೆಯ ದಿನ ಅವು ಕಣ್ಣು ಬಾಲ ಮಿಡುಕಿಸುವ ಮರಿಗಳಾದವು. ಕೆಂಪಯ್ಯನವರು ಎಲ್ಲರಿಗೂ ಬೆಲ್ಲ ಹಂಚಿದರು. ದೇವರಾಜುವೂ ಬೆಲ್ಲ ತಿಂದ. ಎಷ್ಟಾದರೂ ಅವನು ಮೀನಿನವನು. ಮರಿ ನೋಡಿ ಅವನ ಮನಸ್ಸು ಅವನನ್ನು ಕೇಳದೆಯೇ ಅರಳಿತು. ಅದಕ್ಕಾಗಿ ತನ್ನ ಮೇಲೆ ತನಗೇ ಸಿಟ್ಟು ಬಂತು.

ಮೊದಲ ಮರಿ ಬಿದ್ದಾಗಿತ್ತು. ಇನ್ನು ಅವಳು ಹೇಳುವುದನ್ನು ಕೇಳಲು ನಿಲ್ಲಬೇಕೆ? ಅವನು ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು, ಯಾರಿಗೂ ಹೇಳದೆ ರಸ್ತೆಗೆ ನಡೆದ. ಚನ್ನಪಟ್ಟಣದ ಬಸ್ಸು ಹಿಡಿದು, ಅಲ್ಲಿಂದ ಕನಕಪುರ, ಅಲ್ಲಿಂದ ಕೋಡಿಹಳ್ಳಿ ಎಂದು ಲೆಕ್ಕ ಹಾಕಿಕೊಂಡ.

ಬಸ್ಸು ಬರುವ ಮೊದಲು ಕೆಂಪಯ್ಯನವರ ಮೊಪೆಡ್ ಬಂತು. ಅದರ ಮೇಲೆ ಲತಾಮಣಿ. ಗಾಡಿ ನಿಲ್ಲಿಸಿ ಅವನ ಚೀಲ ನೋಡಿದಳು.

“ಎಲ್ಗೆ?”

“ಊರ್ಗೆ.”

“ಹೇಳ್ದೆ ಕೇಳ್ದೆ?”

“ನೀನು ಹೇಳೋ ದಿನ ಬಂತಲ್ಲ. ಅದ್ನ ಕೇಳಾಕೆ ನಾನ್ಯಾಕೆ ಅಲ್ಲಿ.”

“ಹೇಳಾಯ್ತು,” ಎಂದಳು. ಬೆಳಿಗ್ಗೆಯೇ ಪುನೀತನಿಗೆ, ನೀವು ಒಳ್ಳೆಯವರು, ಆದರೆ ಮದುವೆ ಆಗುವುದಿಲ್ಲ ಎಂದಳಂತೆ. ಅವನು, ಮರಿಗಳ ಕೆಲಸ ನಿಲ್ಲಿಸುವುದಿಲ್ಲ ತಾನೇ ಎಂದು ಕೇಳಿದನಂತೆ. ಇಲ್ಲ ಎಂದಳಂತೆ. ಇನ್ನೊಂದು ಟೀ ಕೇಳಿ ಕುಡಿದು ಬೈಕು ಹತ್ತಿದನಂತೆ.

ದೇವರಾಜುವಿನ ಚೀಲ ಹೆಗಲಿನಿಂದ ಜಾರಿ ಮೊಣಕೈಗೆ ಬಂತು. “ಮತ್ತೆ ಮೊದ್ಲ ಮರಿವರ್ಗೂ ಯಾಕೆ ಕಾಯ್ಸಿದ್ದು?”

“ನಿನ್ಗೋಸ್ಕರ. ಅಷ್ಟ್ರೊಳ್ಗೆ ನಿನ್ ಬಾಯಿಂದ ಮಾತು ಬತ್ತದೆ ಅನ್ಕಂಡಿದ್ದೆ. ನೀನು ಮಾತು ಬುಟ್ಟು ಸೂಜಿ ತಗಂಡೆ.”

ಅವನು ತಲೆ ತಗ್ಗಿಸಿದ. ಯಾರ ಮೀನು ಮೊದಲು ಎಂದು ಅವಳು ನೋಡುತ್ತಿದ್ದಾಳೆಂದು ತಾನು ತಿಳಿದದ್ದನ್ನು ತಡವರಿಸುತ್ತ ಹೇಳಿದ. ಅವಳ ಮುಖದಲ್ಲಿ ನಗುವೂ ಅಳುವೂ ಒಂದರ ಮೇಲೊಂದು ಬಂದು ಹೋದವು.

“ನನ್ನ ಪಣಕ್ಕಿಟ್ಟು ಗೌಡ್ತೀನ ಓಡ್ಸಿದ್ಯಾ?”

“ತಪ್ಪಾಯ್ತು ಲತಾ. ಗೌಡ್ತಿಗೂ ತಪ್ಪಾಯ್ತು, ನಿಂಗೂ ತಪ್ಪಾಯ್ತು. ನಂಗೆ ನೀನು ಬೇಕು. ಬಂದ ಮೊದ್ಲ ಮಳೆಗಾಲದಿಂದ್ಲೂ. ಇದಕ್ಕಿಂತ ಚೆಂದಾಗಿ ಹೇಳಾಕೆ ಬರಾಕಿಲ್ಲ.”

ಅವಳು ಮೊಪೆಡ್ಡಿನ ಹ್ಯಾಂಡಲನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಿಂತಳು. ಕಿವಿಯ ತುದಿ ಕೆಂಪಾಗಿತ್ತು. ಆದರೆ ಮಾತು ಕೆಂಪಾಗಲಿಲ್ಲ, ನೆಟ್ಟಗೇ ಬಂತು.

“ನಾಳೆ ಇನ್ನೊಬ್ಬ ಬತ್ತಾನೆ. ಮರಿ ಕೊಳ್ಳೋನೋ, ಬಲೆ ಮಾರೋನೋ. ನಾನು ಮಾತಾಡ್ಸ್ತೀನಿ. ನಗು ಬಂದ್ರೆ ನಗ್ತೀನಿ. ಆಗ ಯಾವ ಮೀನು ಸಾಯ್ಬೇಕು ಬಾವ?”

ದೇವರಾಜು ಇನ್ನು ಹೊಟ್ಟೆಕಿಚ್ಚು ಪಡುವುದಿಲ್ಲ ಎಂದುಬಿಡಬಹುದಿತ್ತು. ಅದು ಸುಳ್ಳಾಗುತ್ತಿತ್ತು.

“ಯಾವ್ದೂ ಬ್ಯಾಡ,” ಎಂದ. “ಉರಿಯೋದಂತೂ ಉರೀತದೆ. ಉರಿದಾಗ ನಿಂಗೇ ಹೇಳ್ತೀನಿ.”

“ಹೇಳಿದ್ರೆ ನಾನೇನ್ ಮಾಡ್ಬೇಕು?”

“ಒಸಿ ಹತ್ರ ಬಂದು ನಿಂತ್ಕೋ. ಸಾಕು.”

ಅಷ್ಟರಲ್ಲಿ ಬಸ್ಸು ಬಂದು ಧೂಳೆಬ್ಬಿಸಿ ನಿಂತಿತು. ಬಾಗಿಲಲ್ಲಿ ಜೋತು ನಿಂತಿದ್ದ ಕಂಡಕ್ಟರು ನೋಡಲು ಚೆಲುವನಾಗಿದ್ದ. ಎಳೆಯ ಮೀಸೆಯ, ಇಸ್ತ್ರಿ ಅಂಗಿಯ ಹುಡುಗ. ದೇವರಾಜುವನ್ನು ಬಿಟ್ಟು ಲತಾಮಣಿಯ ಕಡೆಗೇ ನೋಡಿ, ಬಾಯಿ ತುಂಬ ನಕ್ಕು, ಯಾರು ಹತ್ತುವವರು ಎಂದು ಕೇಳಿದ.

“ಯಾರೂ ಇಲ್ಲ ಕಣಣ್ಣ. ಇವ್ರು ಸಂಜೆ ನಮ್ಮಪ್ಪನ್ನ ಒಂದು ಮಾತು ಕೇಳ್ಬೇಕಾಗದೆ, ಬರಾಕಿಲ್ಲ. ಹೋಗಿ ಬಾ,” ಎಂದು ಲತಾಮಣಿಯೂ ನಕ್ಕಳು.

ಕಂಡಕ್ಟರು ಸೀಟಿ ಊದಲು ಮರೆತು ಅವಳನ್ನೇ ನೋಡುತ್ತಿದ್ದ.

ದೇವರಾಜು ಕೆಮ್ಮಿದ. ಚೀಲವನ್ನು ಕೆಳಗಿಟ್ಟ. ಆಮೇಲೆ ಬಸ್ಸಿನ ಕಡೆ ನೋಡದೆ, ಅವಳಿಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿದ:

“ಲತಾ, ಉರೀತಾ ಐತೆ.”

ಅವಳು ಮೊಪೆಡ್ಡನ್ನು ಸ್ಟ್ಯಾಂಡಿಗೆ ಹಾಕಿ, ಹತ್ತಿರ ಬಂದು ನಿಂತಳು.